ಇಪ್ಪತ್ತೆಂಟು ಮಂದಿಯ ಸರದಾರ

ಬೊಂಬಾಯಿ ಬಂದರು
೧೯೧೬ನೇ ಇಸವಿ ನವೆಂಬರ್ ೧೨

ನನ್ನಿವಾಳದ ಹಟ್ಟಿಯಲ್ಲಿರುವ ಅಕ್ಕ ಕೆಂಚಕ್ಕನಿಗೆ, ಶಾಲೆಯ ಮಲ್ಲಿಕಾರ್ಜುನಪ್ಪ ಮೇಷ್ಟರ ಮುಖಾಂತರ, ತಮ್ಮ ಚಿನ್ನಯ್ಯ ಬರೆದದ್ದು.

ಮೇಷ್ಟ್ರೇ, ಇದನ್ನು ಅಕ್ಕನಿಗೆ ನಿಧಾನವಾಗಿ ಓದಿ ಹೇಳಬೇಕು. ನಾಲ್ಕನೇ ತರಗತಿಯವರೆಗೆ ನೀವು ಕಲಿಸಿದ ಅಕ್ಷರ ಇಲ್ಲಿ ಕೆಲಸಕ್ಕೆ ಬಂದಿದೆ. ನಮ್ಮ ದಳದಲ್ಲಿ ನಲವತ್ತು ಜನ ಎತ್ತಿನವರಿದ್ದೇವೆ. ಬರೆಯಲು ಬರುವವನು ನಾನೊಬ್ಬನೇ. ಎಲ್ಲರ ಮನೆಗೂ ನಾನೇ ಕಾಗದ ಬರೆಯುತ್ತೇನೆ. ಎಲ್ಲರ ಹೆಂಡಂದಿರ ಹೆಸರೂ ಬಾಯಿಪಾಠವಾಗಿದೆ.

ಅಕ್ಕಾ, ಕುದಾಪುರದ ಕಾವಲಿನಿಂದ ಹೊರಟ ಎತ್ತುಗಳು ಕ್ಷೇಮ. ಕರಿಯ, ಗುಂಡ, ಜವನ, ಬಿಳಿಗೊರಸಿನ ಚನ್ನ, ತುಂಟ ಮುತ್ತ, ಎಲ್ಲವೂ ರೈಲಿನಿಂದ ನನಗಿಂತ ಚೆನ್ನಾಗಿ ಇಳಿದವು. ಕವಾಯತು ಕೂಡ ಅವಕ್ಕೇ ಬೇಗ ಬಂತು. ಹವಾಲ್ದಾರ 'ಹಾಲ್ಟ್' ಅಂದರೆ ಎತ್ತುಗಳು ನಿಲ್ಲುತ್ತವೆ. ನಾವು ಇನ್ನೂ ನಾಲ್ಕು ಹೆಜ್ಜೆ ಹೋಗಿರುತ್ತೇವೆ. ಆಗ ಅವನು ಎತ್ತಿನ ಬೆನ್ನು ತಟ್ಟಿ, ನಮ್ಮ ಬೆನ್ನಿಗೆ ಕೋಲು ಮುಟ್ಟಿಸುತ್ತಾನೆ.

ನನಗೆ ಬೂಟು ಕೊಟ್ಟರು. ಎರಡೂ ಎಡಗಾಲಿನವು. ಕೇಳಿದ್ದಕ್ಕೆ, ಬಲಗಾಲಿನವು ಮುಂದಿನ ಹಡಗಿನಲ್ಲಿ ಬರುತ್ತವೆ ಎಂದರು. ಹವಾಲ್ದಾರ ನನ್ನ ಹೆಸರನ್ನು ಚುನ್ನೀಲಾಲ ಎಂದು ಬರೆದುಕೊಂಡಿದ್ದಾನೆ. 'ಚುನ್ನೀಲಾಲ' ಎಂದು ಕೂಗಿದಾಗ ಮೊದಲ ಎರಡು ದಿನ ನಾನೂ ಎಲ್ಲರ ಹಾಗೆ ಸುತ್ತಮುತ್ತ ನೋಡಿದೆ.

ನಾಳೆ ಹಡಗು. ಬಸ್ರಾ ಎಂಬ ಊರಿಗೆ ಹೋಗುತ್ತೇವೆ. ನೀನು ಅಳಬೇಡ. ಯರ್ರಪ್ಪ ಭಾವನಿಗೂ ದೊಡ್ಡಪಾಲಯ್ಯ ಮಾವನಿಗೂ ನಮಸ್ಕಾರ.

ಚಿನ್ನಯ್ಯ


ನನ್ನಿವಾಳ
೧೯೧೭ ಜನವರಿ ೮

ಚಿರಂಜೀವಿ ಚಿನ್ನಯ್ಯನಿಗೆ ಉಪಾಧ್ಯಾಯ ಮಲ್ಲಿಕಾರ್ಜುನಪ್ಪ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಸೋದರಿ ಕೆಂಚಕ್ಕನ ಪರವಾಗಿ ಬರೆಯುತ್ತಿದ್ದೇನೆ. ನಿನ್ನ ಪತ್ರವನ್ನು ಚಾವಡಿಯಲ್ಲಿ ಊರವರ ಸಮ್ಮುಖದಲ್ಲಿ ಓದಿದೆ. ಬೂಟಿನ ಸಂಗತಿಯನ್ನೂ ಬೆನ್ನಿಗೆ ಕೋಲು ಮುಟ್ಟಿಸುವ ಸಂಗತಿಯನ್ನೂ ಬಿಟ್ಟು ಓದಿದೆ. ಸೈನ್ಯದ ಘನತೆಯ ಪ್ರಶ್ನೆ. ಬರವಣಿಗೆಯಲ್ಲಿ ಒತ್ತಕ್ಷರದ ತಪ್ಪು ಆರು ಕಡೆ ಇತ್ತು. ನನ್ನ ವಿದ್ಯಾರ್ಥಿಯೊಬ್ಬ ಸಮುದ್ರ ದಾಟುತ್ತಿರುವಾಗ ಒತ್ತಕ್ಷರ ದಾಟಲಾರನೇ?

ಇನ್ನು ನಿನ್ನ ಸೋದರಮಾವ ದೊಡ್ಡಪಾಲಯ್ಯನವರು ತಾವು ಹೇಳಿದ ಮಾತನ್ನು ಇದ್ದಂತೆಯೇ ಬರೆಯಬೇಕೆಂದು ಪಟ್ಟು ಹಿಡಿದು ಎದುರಿಗೇ ಕುಳಿತಿದ್ದಾರೆ: "ಲೇ ಚಿನ್ನಾ, ಅಲ್ಲಿ ಏನಾರ ಬಡಿಸ್ಲಿ, ನಮ್ ಕುಲದ ಕಟ್ಟು ಮರೀಬ್ಯಾಡ. ಹೆಂಡ ಮುಟ್ಟಬ್ಯಾಡ. ಕೋಳಿ ತಿನ್ನಬ್ಯಾಡ, ಮುಟ್ಟಬ್ಯಾಡ, ಅದು ಮೇಯೋ ಜಾಗ್ದಾಗೆ ಮಲಗಬ್ಯಾಡ. ನನ್ ಮಂಡಿ ಹೋಗೈತೆ. ನಾಳೆ ದೇವರೆತ್ತುಗಳ ಹಿಂದೆ, ಅವನ್ನ ಕಾಯೋ ಕಿಲಾರಿಯಾಗಿ ನಿಲ್ಲಬೇಕಾದೋನು ನೀನು. ಕಟ್ಟು ಮುರಿದೋನ ಕೈಯಾಗೆ ದೇವರ ಮಂದೆ ಕೊಡಾಕಾಗಲ್ಲ."

ಕೆಂಚಕ್ಕ ಒಂದೇ ಮಾತು ಹೇಳಿದಳು. ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ ಎಂದು ಕೇಳಬೇಕಂತೆ.

ಇತಿ, ಮಲ್ಲಿಕಾರ್ಜುನಪ್ಪ


ಬಸ್ರಾ
೧೯೧೭ ಮಾರ್ಚ್ ೨೦

ಅಕ್ಕನಿಗೆ, ಮೇಷ್ಟರ ಮುಖಾಂತರ.

ಉಣ್ಣುತ್ತಿದ್ದೇನೆ. ರೊಟ್ಟಿ ಕೊಡುತ್ತಾರೆ. ಮೊದಲು ಅದನ್ನು ನೆನೆಸಬೇಕು, ಆಮೇಲೆ ಮುರಿಯಬೇಕು, ಆಮೇಲೆ ದೇವರನ್ನು ನೆನೆಯಬೇಕು.

ಎತ್ತುಗಳ ಕೆಲಸ ಈಗ ನನಗಿಲ್ಲ. ಮೇಜರ್ ಸಾಹೇಬರ ಹತ್ತಿರ ಜವಾಬ್ದಾರಿಯ ಕೆಲಸಕ್ಕೆ ಹಾಕಿದ್ದಾರೆ. ನನ್ನ ಕೈಕೆಳಗೆ ಇಪ್ಪತ್ತೆಂಟು ಇವೆ. ಬೆಳಿಗ್ಗೆ ಹೊರಗೆ ಬಿಟ್ಟು, ಸಂಜೆ ಎಣಿಸಿ ಒಳಗೆ ಸೇರಿಸಬೇಕು. ಒಂದು ಕಡಿಮೆಯಾದರೂ ಮೇಜರ್ ಸಾಹೇಬರು ಕೋರ್ಟಿಗೆ ನಿಲ್ಲಿಸುತ್ತೇನೆ ಎನ್ನುತ್ತಾರೆ. ಎಲ್ಲವೂ ಹೇಳಿದ ಮಾತು ಕೇಳುತ್ತವೆ. ಒಂದು ಮಾತ್ರ ಬಹಳ ಗರ್ವಿಷ್ಠ. ಎದೆಯುಬ್ಬಿಸಿಕೊಂಡೇ ನಡೆಯುತ್ತದೆ, ಬೆಳಗಾಗುವ ಮೊದಲೇ ಎದ್ದು ಕೂಗಿ ಇಡೀ ದಳವನ್ನು ಎಬ್ಬಿಸುತ್ತದೆ.

ಮಾವನ ಮಾತು ನೆನಪಿದೆ ಎಂದು ಹೇಳು.

ಚಿನ್ನಯ್ಯ


ನನ್ನಿವಾಳ
೧೯೧೭ ಮೇ ೧೬

ಚಿರಂಜೀವಿ ಚಿನ್ನಯ್ಯನಿಗೆ ಆಶೀರ್ವಾದ.

ನಿನ್ನ ಬಡ್ತಿಯ ಸುದ್ದಿ ಕೇಳಿ ಊರು ಹಿಗ್ಗಿದೆ. ಆದರೆ ಒಂದು ದೊಡ್ಡ ವ್ಯಾಕರಣದೋಷ. 'ಕೈಕೆಳಗೆ ಇಪ್ಪತ್ತೆಂಟು ಇವೆ' ಎಂದು ಬರೆದಿದ್ದೀಯೆ. ಸಿಪಾಯಿಗಳು ಮನುಷ್ಯರಲ್ಲವೇ? 'ಇಪ್ಪತ್ತೆಂಟು ಮಂದಿ ಇದ್ದಾರೆ' ಎನ್ನಬೇಕು. 'ಮಾತು ಕೇಳುತ್ತಾರೆ' ಎನ್ನಬೇಕು. ಅಧಿಕಾರ ಬಂದ ಕೂಡಲೇ ಕೈಕೆಳಗಿನವರನ್ನು ದನಗಳಂತೆ ಕಾಣಬಾರದು. ಓದುವಾಗ ನಾನೇ ತಿದ್ದಿಕೊಂಡೆ. ಬೆಳಗಾಗುವ ಮುನ್ನ ಎದ್ದು ಕೂಗುವವನು ಕಹಳೆಯವನಿರಬೇಕೆಂದು ಸಭೆಗೆ ವಿವರಿಸಿದೆ.

ದೊಡ್ಡಪಾಲಯ್ಯನವರು "ನಮ್ ಚಿನ್ನ ಸರದಾರ ಆಗವ್ನೆ" ಎಂದು ಗೌರಸಮುದ್ರದವರೆಗೂ ಹೇಳಿಕೊಂಡು ಬಂದಿದ್ದಾರೆ. ನಿನ್ನ ಭಾವ ಯರ್ರಪ್ಪ ಪತ್ರವನ್ನು ಎರಡು ಸಲ ಓದಿಸಿ ಕೇಳಿದ. ಈಗ ಹೊಲಕ್ಕೆ ಹೋಗುವಾಗಲೂ ಕೈ ಬೀಸಿಕೊಂಡು ಕವಾಯತಿನ ನಡಿಗೆ ನಡೆಯುತ್ತಾನೆ.

ಕೆಂಚಕ್ಕ ಮಾತ್ರ ಕರಿಯ ಹೇಗಿದ್ದಾನೆ ಎಂದು ಕೇಳಿದಳು. ಯಾವ ಕರಿಯ ಎಂದರೆ ಎತ್ತು ಎಂದಳು. ಹೆಂಗಸರ ಬುದ್ಧಿ.

ಇತಿ, ಮಲ್ಲಿಕಾರ್ಜುನಪ್ಪ


ಟೈಗ್ರಿಸ್ ನದಿಯ ದಂಡೆ
೧೯೧೭ ಆಗಸ್ಟ್ ೫

ಅಕ್ಕನಿಗೆ, ಮೇಷ್ಟರ ಮುಖಾಂತರ.

ಮೇಷ್ಟ್ರೇ, ನೀವು ತಿದ್ದಿದ ಹಾಗೆಯೇ ಇನ್ನು ಮುಂದೆ ಬರೆಯುತ್ತೇನೆ.

ಹೋದ ವಾರ ಶತ್ರುವಿನ ಹಾರುವ ಯಂತ್ರ ಬಂದು ನಮ್ಮ ಬಿಡಾರದ ಮೇಲೆ ಗುಂಡು ಹಾಕಿತು. ನನ್ನ ಇಪ್ಪತ್ತೆಂಟು ಮಂದಿಯೂ ದಿಕ್ಕಾಪಾಲಾಗಿ ಬಯಲಿಗೆ ಓಡಿದರು. ಮೇಜರ್ ಸಾಹೇಬರು ಕಂದಕದೊಳಗೆ ಕುಳಿತು 'ನನ್ನವು! ನನ್ನವು!' ಎಂದು ಕೂಗಿದರು. ನಾನು ಬಯಲಿಗೆ ಓಡಿ ಒಬ್ಬೊಬ್ಬರನ್ನೇ ಹಿಡಿದು ತಂದೆ. ಎರಡನೇ ಗುಂಡು ಬಿದ್ದಾಗ ಇಬ್ಬರು ನನ್ನ ಕಂಕುಳಲ್ಲಿದ್ದರು. ಒಟ್ಟು ಇಪ್ಪತ್ತಾರು ಜೀವ ಉಳಿಯಿತು.

ಇಬ್ಬರು ತೀರಿಕೊಂಡರು. ಮೇಜರ್ ಸಾಹೇಬರಿಗೆ ಬಹಳ ಸಂಕಟವಾಯಿತು. ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವರಿಬ್ಬರಿಗೂ ತಕ್ಕ ಮರ್ಯಾದೆ ನಡೆಯಿತು.

ನನ್ನ ಧೈರ್ಯ ಮೆಚ್ಚಿ ಒಂದು ಕಾಗದ ಕೊಟ್ಟಿದ್ದಾರೆ. ಅದರಲ್ಲಿ ಚುನ್ನೀಲಾಲ ಎಂದು ಇದೆ.

ಚಿನ್ನಯ್ಯ


ನನ್ನಿವಾಳ
೧೯೧೭ ಅಕ್ಟೋಬರ್ ೯

ವೀರ ಚಿನ್ನಯ್ಯನಿಗೆ.

ಎರಡೂ ಕಂಕುಳಲ್ಲಿ ಒಬ್ಬೊಬ್ಬ ಗಾಯಾಳುವನ್ನು ಹೊತ್ತು ಓಡಿದೆಯಲ್ಲಪ್ಪ! ಓದುವಾಗ ನನ್ನ ಕಣ್ಣಲ್ಲಿ ನೀರು ಬಂತು. ಈ ಸಲ ಒಂದೂ ವ್ಯಾಕರಣದೋಷವಿಲ್ಲ.

ಪತ್ರದ ಪ್ರತಿ ಅಮಲ್ದಾರರಿಗೆ ಹೋಗಿ, ಅವರು ಚಳ್ಳಕೆರೆಯ ಸಂತೆಯಲ್ಲಿ ಡಂಗುರ ಹೊಡೆಸಿ ಓದಿಸಿದರು. ಪಡೆಗೆ ಆಳು ಸೇರಿಸುವ ಜಮಾದಾರ "ನೋಡ್ರಪ್ಪಾ, ದನ ಕಾಯೋನು ಹೋಗಿ ಒಂದೇ ವರ್ಷಕ್ಕೆ ಇಪ್ಪತ್ತೆಂಟು ಜನರ ಮ್ಯಾಲೆ ಸರದಾರ! ಯಾರು ಬರ್ತೀರಿ?" ಎಂದು ಕೇಳಿದ. ಅಲ್ಲಿಯೇ ಮೂವರು ಹೆಸರು ಕೊಟ್ಟರು. ನಮ್ಮೂರ ಚಿಕ್ಕೀರಪ್ಪ, ಓಬಯ್ಯ, ಮತ್ತು ನಿನ್ನ ಭಾವ ಯರ್ರಪ್ಪ. ಯುಗಾದಿ ಕಳೆದ ಮೇಲೆ ಚಿತ್ರದುರ್ಗಕ್ಕೆ ಹೋಗಿ ಸೇರಬೇಕು.

ಕೆಂಚಕ್ಕನಿಗೆ ಬರೆಸುವ ಮಾತೇನೂ ಇಲ್ಲವಂತೆ. ಇತ್ತೀಚೆಗೆ ಅವಳು ನನ್ನ ಪತ್ನಿ ಶಿವಬಸಮ್ಮನ ಹತ್ತಿರ ಅಕ್ಷರ ಕಲಿಯಲು ಬರುತ್ತಿದ್ದಾಳೆ. ಮೂವತ್ತು ವರ್ಷದ ಹೆಂಗಸಿಗೆ ಇದೇನು ಹುಚ್ಚೋ. ಆದರೂ ನಾನು ಬೇಡವೆನ್ನಲಿಲ್ಲ.

ಇತಿ, ಮಲ್ಲಿಕಾರ್ಜುನಪ್ಪ


ನನ್ನಿವಾಳ
೧೯೧೭ ನವೆಂಬರ್ ೨೮

ತಮ್ಮ ಚಿನ್ನಯ್ಯನಿಗೆ ಅಕ್ಕ.

ಇದು ನಾನೇ ಬರೆದದ್ದು. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಮಾತಾಡಿದ ಹಾಗೆ ಬರೆಯಬಾರದು, ಪುಸ್ತಕದ ಹಾಗೆ ಬರೆಯಬೇಕು ಎಂದು ಶಿವಬಸಮ್ಮನವರು ಹೇಳಿದ್ದಾರೆ. ಮೇಷ್ಟರಿಗೆ ಗೊತ್ತಿಲ್ಲ.

ಅಕ್ಷರ ಕೂಡಿಸಲು ಬಂದ ಮೇಲೆ ನಿನ್ನ ಹಳೆಯ ಕಾಗದಗಳನ್ನು ಇಸಕೊಂಡು ಬಂದು ಓದಿದೆ. ಮೇಷ್ಟರು ಓದಿದ್ದು ಬೇರೆ, ನೀನು ಬರೆದದ್ದು ಬೇರೆ. ಅವರು 'ಇದ್ದಾರೆ' ಎಂದು ಓದಿದರು. ನೀನು 'ಇವೆ' ಎಂದು ಬರೆದಿದ್ದೀಯೆ. ನೀನು ತಪ್ಪು ಬರೆಯುವವನಲ್ಲ.

ಇನ್ನೊಂದು. ಐದು ಎತ್ತಿದ್ದರೆ ಐದರ ಹೆಸರೂ ಬರೆದೆ. ಇಪ್ಪತ್ತೆಂಟು ಜನ ಇದ್ದರೆ ಒಬ್ಬನ ಹೆಸರೂ ಇಲ್ಲ. ಕರಿಯನ ವಿಷಯ ಕೇಳಿದೆ, ಅದಕ್ಕೂ ಉತ್ತರವಿಲ್ಲ.

ನಿನ್ನ ಭಾವ ಹೆಸರು ಕೊಟ್ಟು ಬಂದಿದ್ದಾರೆ. ನಾನು ಬೇಡವೆಂದರೆ "ನಿನ್ ತಮ್ಮ ಹೋಗಿಲ್ವೇನೆ? ಅವ್ನು ಸರದಾರ ಆಗ್ಬೋದು, ನಾನು ಮಾತ್ರ ಸಜ್ಜೆ ಹೊಲ ಕಾಯ್ತಾ ಕುಂತಿರ್ಬೇಕಾ?" ಎನ್ನುತ್ತಾರೆ.

ಅವ್ವ ಸತ್ತ ಮೇಲೆ ನಿನ್ನನ್ನು ಬೆಳೆಸಿದವಳು ನಾನು. ನಿಜ ಹೇಳು. ಆ ಇಪ್ಪತ್ತೆಂಟು ಏನು? ಅಲ್ಲಿ ಹೇಗಿದೆ? ಕಾಗದವನ್ನು ಶಿವಬಸಮ್ಮನವರ ಹೆಸರಿಗೆ ಹಾಕು.

ಕೆಂಚಕ್ಕ


ಟೈಗ್ರಿಸ್ ನದಿಯ ದಂಡೆ
೧೯೧೮ ಜನವರಿ ೨೫

ಅಕ್ಕಾ,

ನಿನ್ನ ಅಕ್ಷರ ನೋಡಿ ಮೊದಲು ಯಾರದೆಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಬಹಳ ಹೊತ್ತು ಓದಲಾಗಲಿಲ್ಲ.

ನಿಜ ಬರೆಯುತ್ತೇನೆ. ಕರಿಯ ಸತ್ತ. ನಮ್ಮ ಹಡಗಿನಲ್ಲಿ ನೂರಾ ಇಪ್ಪತ್ತು ಎತ್ತುಗಳಿದ್ದವು. ಬಸ್ರಾದಲ್ಲಿ ಕಾಲೂರಿದ್ದು ಅರವತ್ತು. ಉಳಿದವೂ ಒಂದು ತಿಂಗಳಲ್ಲಿ ಹೋದವು. ಕರಿಯ ನನ್ನ ತೊಡೆಯ ಮೇಲೆ ತಲೆಯಿಟ್ಟು ಸತ್ತ. ಆ ಮೇಲೆ ಒಂದು ದಿನ ಹವಾಲ್ದಾರ ಸಾಲಿನಲ್ಲಿ ನಿಲ್ಲಿಸಿ, ಪ್ರಾಣಿ ಸಾಕಲು ಯಾರಿಗೆ ಬರುತ್ತದೆ ಎಂದು ಕೇಳಿದ. ಕುದುರೆ ಕೊಡುತ್ತಾರೆಂದು ನಾನು ಎಲ್ಲರಿಗಿಂತ ಮೊದಲು ಮುಂದೆ ಬಂದೆ. ಮೇಜರ್ ಸಾಹೇಬರ ಡೇರೆಯ ಹಿಂದೆ ಕರೆದುಕೊಂಡು ಹೋಗಿ ಪಂಜರ ತೋರಿಸಿದ. ಒಳಗೆ ಇಪ್ಪತ್ತೇಳು ಹೆಂಟೆ, ಒಂದು ಹುಂಜ.

ಬೆಳಿಗ್ಗೆ ಮೊಟ್ಟೆಯಿಲ್ಲದಿದ್ದರೆ ಸಾಹೇಬರಿಗೆ ಯುದ್ಧ ಮಾಡಲು ಬರುವುದಿಲ್ಲ. ನಮ್ಮ ಕುಲದವರು ಕೋಳಿ ಮುಟ್ಟುವುದಿಲ್ಲ ಎಂದು ಹವಾಲ್ದಾರನ ಕಾಲು ಹಿಡಿದೆ. "ಮುಟ್ಟಬೇಡ, ಎಣಿಸು" ಎಂದ. ಅಕ್ಕಾ, ಆರು ತಿಂಗಳು ನಾನು ಮುಟ್ಟಲಿಲ್ಲ. ಎರಡು ಕೋಲಿನಿಂದ ಹೊರಗೆ ಬಿಟ್ಟೆ, ಎರಡು ಕೋಲಿನಿಂದ ಒಳಗೆ ತಂದೆ. ಮೊಟ್ಟೆಗಳನ್ನು ತಗಡಿನ ಚಮಚದಲ್ಲಿ ಎತ್ತಿದೆ. ನೋಡಿದವರೆಲ್ಲ ನಕ್ಕರು. ನಾನು ಅದಕ್ಕೂ ಒಗ್ಗಿಕೊಂಡೆ.

ಗುಂಡು ಬಿದ್ದ ದಿನ ಪಂಜರ ಒಡೆಯಿತು. ಕೋಲುಗಳು ಎಲ್ಲಿ ಬಿದ್ದವೋ. ಕೈಯಿಂದಲೇ ಹಿಡಿದೆ. ಸಾಹೇಬರು ಕೂಗಿದರೆಂದು ಓಡಿದ್ದಲ್ಲ. ಅಷ್ಟು ದಿನ ನಾನೇ ಕಾಯ್ದಂಥವು, ಬಯಲಲ್ಲಿ ಸುಮ್ಮನೆ ಸಾಯುತ್ತವಲ್ಲ ಎಂದು ಓಡಿದೆ. ಕಂಕುಳಲ್ಲಿ ಅವುಗಳ ಎದೆ ಬಡಿದುಕೊಳ್ಳುವುದು ತಿಳಿಯುತ್ತಿತ್ತು. ಆಗ ಕುಲವೂ ನೆನಪಾಗಲಿಲ್ಲ, ಮಾವನೂ ನೆನಪಾಗಲಿಲ್ಲ. ಅದೇ ನನಗೆ ದೊಡ್ಡ ಹೆದರಿಕೆ.

ಇನ್ನು ಇಲ್ಲಿನ ವಿಷಯ. ನಮ್ಮ ನಲವತ್ತು ಜನರಲ್ಲಿ ಹನ್ನೊಂದು ಜನ ಹೋದರು. ಗುಂಡಿಗೆ ಒಬ್ಬನೂ ಇಲ್ಲ. ಎಲ್ಲ ಜ್ವರ, ರಕ್ತಭೇದಿ. ಹನ್ನೊಂದು ಮನೆಗೂ ಕಾಗದ ಬರೆದವನು ನಾನೇ. ಹೆಂಡಂದಿರ ಹೆಸರು ಯಾರನ್ನೂ ಕೇಳಬೇಕಾಗಲಿಲ್ಲ. ಸತ್ತವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ನೀನಾದರೂ ಒಂದು ಸಲ ಓದು.

ಭಾವನನ್ನು ಹೇಗಾದರೂ ತಡೆ. ಊಟ ಸರಿಯಿಲ್ಲ ಎಂದು ಹೇಳು, ಚಳಿ ಎಂದು ಹೇಳು. ಕೋಳಿಯ ವಿಷಯ ಮಾತ್ರ ಯಾರಿಗೂ ಹೇಳಬೇಡ. ಹೇಳಿದರೆ ನಾನು ಹಟ್ಟಿಯೊಳಗೆ ಕಾಲಿಡುವಂತಿಲ್ಲ, ಕಿಲಾರಿಯ ಕೋಲು ಹಿಡಿಯುವಂತಿಲ್ಲ. ಆ ಒಂದು ಕೆಲಸಕ್ಕಾಗಿಯೇ ನಾನು ಇಲ್ಲಿ ಬದುಕಿರುವುದು. ಇದನ್ನು ಓದಿ ಒಲೆಗೆ ಹಾಕು.

ಚಿನ್ನಯ್ಯ


ನನ್ನಿವಾಳ
೧೯೧೮ ಮಾರ್ಚ್ ೩೦

ಚಿನ್ನಾ,

ಒಲೆಗೆ ಹಾಕಲಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನೀನು ಹೇಳಿದ ಹಾಗೆ ಊಟ ಸರಿಯಿಲ್ಲ ಎಂದೆ. ನಿನ್ನ ಭಾವ ನಕ್ಕರು. ಚಳಿ ಎಂದೆ. ಕಂಬಳಿ ಇದೆ ಎಂದರು. ಆಮೇಲೆ ಅವರೊಬ್ಬರಿಗೇ ಎಲ್ಲ ನಿಜ ಹೇಳಿದೆ. "ನನ್ನ ಕಳ್ಸಬಾರ್ದು ಅಂತ ಕತೆ ಕಟ್ತೀಯಾ? ಅಕ್ಷರ ಕಲ್ತಿದ್ದು ಸುಳ್ಳು ಓದಾಕಾ?" ಎಂದರು. ಕಾಗದ ತೋರಿಸಿದರೆ ಅವರಿಗೆ ಓದಲು ಬರುವುದಿಲ್ಲ. ಮೇಷ್ಟರ ಕೈಗೆ ಕೊಟ್ಟರೆ ಅವರು ತಿದ್ದಿ ಓದುತ್ತಾರೆ.

ಅದಕ್ಕೆ ಚಾವಡಿಗೆ ಹೋಗಿ ನಾನೇ ಓದಿದೆ. ಎಲ್ಲರೂ ಇದ್ದರು. ಮಾವನೂ ಇದ್ದರು, ಮೇಷ್ಟರೂ ಇದ್ದರು. ಮೇಷ್ಟರು ಎದ್ದು "ಕೊಡಮ್ಮ, ನಾನು ಓದ್ತೀನಿ" ಎಂದರು. ಶಿವಬಸಮ್ಮನವರು "ಕೂತ್ಕೊಳ್ರಿ, ಅವಳು ಓದ್ತಾಳೆ" ಎಂದರು. ಅವರು ಕೂತರು.

ಚಮಚದ ಮಾತು ಬಂದಾಗ ಮುದುಕಿ ಜೋಗಮ್ಮ "ಮೊಟ್ಟೇನಾ ಚಮಚದಾಗೆ ಎತ್ತಿದ್ನಾ ನನ್ ಮಗ!" ಎಂದು ನಕ್ಕಳು. ಎಲ್ಲರೂ ನಕ್ಕರು. ಆಮೇಲೆ ಸತ್ತ ಹನ್ನೊಂದು ಜನರ ಹೆಸರು ಓದಿದೆ. ಆರನೆಯ ಹೆಸರು ಓದುವ ಹೊತ್ತಿಗೆ ಚಿಕ್ಕೀರಪ್ಪನ ಅವ್ವ ಎದ್ದು ಬಂದು ಮಗನ ರಟ್ಟೆ ಹಿಡಿದುಕೊಂಡಳು, ಬಿಡಲಿಲ್ಲ. ನಿನ್ನ ಭಾವ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತರು. ಉಣ್ಣುವಾಗ "ನಾನು ಹೋಗಲ್ಲ" ಎಂದರು, ಅಷ್ಟೇ. ಚಿಕ್ಕೀರಪ್ಪನೂ ಹೋಗುವುದಿಲ್ಲ. ಓಬಯ್ಯ ಮಾತ್ರ ಹೋಗುತ್ತಾನಂತೆ.

ನಿನ್ನ ವಿಷಯ ಕುಲದ ಕಟ್ಟೆಮನೆಯಲ್ಲಿ ಹಿರಿಯರು ಕೂತು ಮಾತಾಡಿದರು. ಶುದ್ಧಿ ಆಗುವವರೆಗೆ ನೀನು ಹಟ್ಟಿಗೆ ಬರುವಂತಿಲ್ಲ. ಯಾರೂ ನಿನ್ನೊಡನೆ ಮಾತಾಡುವಂತಿಲ್ಲ. ಶುದ್ಧಿ ಯಾವಾಗ ಎಂದು ಹೇಳಲಿಲ್ಲ. "ಕಿಲಾರಿ ಕೋಲು ಬ್ಯಾರೆಯೋರಿಗೆ" ಎಂದು ಮಾವ ಹೇಳಿ ಎದ್ದು ಹೋದರು.

ನಿನ್ನ ಜಾಗವನ್ನು ನಾನು ಕಳೆದೆ. ನನ್ನ ಗಂಡನನ್ನು ಉಳಿಸಿಕೊಂಡೆ. ನಾಲ್ಕು ದಿನ ಯೋಚಿಸಿ, ತಿಳಿದೇ ಮಾಡಿದೆ. ಇನ್ನೊಂದು ಸಲ ಹೀಗೇ ಆದರೆ ಮತ್ತೆ ಹೀಗೇ ಮಾಡುತ್ತೇನೆ. ಆದರೂ ಊಟ ಸೇರುತ್ತಿಲ್ಲ.

ಬರೆ.

ಕೆಂಚಕ್ಕ


ನನ್ನಿವಾಳ
೧೯೧೮ ಜುಲೈ ೧೪

ಚಿನ್ನಾ,

ನಿನ್ನಿಂದ ಕಾಗದ ಬಂದಿಲ್ಲ. ನನ್ನದು ತಲುಪಿತೋ ಇಲ್ಲವೋ. ತಲುಪಿ ಸಿಟ್ಟಾಗಿದ್ದರೆ ಸಿಟ್ಟು ಎಂದಾದರೂ ಬರೆ. ಮೇಷ್ಟರು ಅಂಚೆಯವನನ್ನು ದಿನಾ ಕೇಳುತ್ತಾರೆ. ಈಗ ಅವರು ಯಾರ ಕಾಗದವನ್ನೂ ತಿದ್ದದೆ ಓದುತ್ತಾರೆ. ಬೈಗುಳ ಇದ್ದರೆ ಬೈಗುಳವನ್ನೂ ಓದುತ್ತಾರೆ.

ಕೆಂಚಕ್ಕ


ನನ್ನಿವಾಳ
೧೯೧೮ ಅಕ್ಟೋಬರ್ ೨೦

ಚಿನ್ನಾ,

ಚಳ್ಳಕೆರೆಯಲ್ಲಿ ಹೊಸ ಜ್ವರ ಬಂದು ಮನೆಮನೆಗೆ ಸಾವು. ನಿನ್ನ ಭಾವ ಮಲಗಿ ಎದ್ದರು. ಜೋಗಮ್ಮ ಹೋದಳು. ನೀನು ಇದ್ದೀಯಾ?

ಕೆಂಚಕ್ಕ


ಬಸ್ರಾ
೧೯೧೮ ಡಿಸೆಂಬರ್ ೨

ಅಕ್ಕಾ,

ಇದ್ದೇನೆ.

ಕಾಯಿಲೆಯಾಗಿತ್ತು, ಕಾಗದ ತಲುಪಲಿಲ್ಲ ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ. ನಿನ್ನ ಕಾಗದ ಮೇ ತಿಂಗಳಲ್ಲೇ ಬಂತು. ಇನ್ನು ನಿನಗೆ ಬರೆಯಬಾರದು ಎಂದು ನಿಶ್ಚಯ ಮಾಡಿದೆ. ಜುಲೈ ತಿಂಗಳದ್ದು ಬಂದಾಗ ಒಡೆಯಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಓಬಯ್ಯ ಹಡಗಿನಿಂದ ಇಳಿದ. ನಾನು ಅವನನ್ನು ಮಾತಾಡಿಸಲಿಲ್ಲ. ಅವನೇ ಬಂದು ಪಕ್ಕದಲ್ಲಿ ಕೂತ.

"ಲೇ ಚಿನ್ನಾ, ನಿಮ್ಮಕ್ಕ ಅದನ್ನ ಓದಾಕೆ ಒಂದು ಮಧ್ಯಾಹ್ನ ಪೂರ್ತಿ ತಗಂಡ್ಲು ಕಣ್ಲೇ. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದ್ಲು. ಒಬ್ರೂ ಎದ್ದು ಹೋಗ್ಲಿಲ್ಲ."

"ನಕ್ರಂತಲ್ಲ."

"ಚಮಚಕ್ಕೆ ನಕ್ರು. ನೀನು ಬಯಲಿಗೆ ಓಡಿದ್ದಕ್ಕೆ ನಗ್ಲಿಲ್ಲ. ಆ ಜಾಗ ಓದುವಾಗ ನಿಮ್ಮಕ್ಕಂಗೆ ದನಿ ನಿಂತೋಯ್ತು. ನಿಮ್ ಮಾವ ತಲೆ ಬಗ್ಗಿಸ್ಕಂಡು, 'ಮುಂದಕ್ಕೆ ಓದವ್ವ' ಅಂದ."

ಮಾವ ಹಾಗೆಂದದ್ದನ್ನು ನೀನು ಬರೆದಿರಲಿಲ್ಲ.

"ಇಷ್ಟು ಕೇಳಿನೂ ನೀನ್ಯಾಕೆ ಬಂದ್ಯೋ?" ಎಂದು ಕೇಳಿದೆ. "ಹೆಸ್ರು ಕೊಟ್ಟಿದ್ನಲ್ಲಪ್ಪ" ಎಂದ. ಆಮೇಲೆ ಸುತ್ತ ನೋಡಿ, "ಎಲ್ಲಿ ನಿನ್ ಸೈನ್ಯ?" ಎಂದ. ಎಷ್ಟೋ ತಿಂಗಳ ಮೇಲೆ ಅವತ್ತು ನಕ್ಕೆ. ಆ ದಿನವೇ ನಿನ್ನ ಜುಲೈ ಕಾಗದ ಒಡೆದೆ. ಉತ್ತರ ಬರೆಯಲು ಕೂತರೆ ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಕಳೆದೆ. ನಿನ್ನೆ ಅಕ್ಟೋಬರಿನದು ಬಂತು. ಮೂರೇ ಸಾಲು. ಈಗ ಕೂತಿದ್ದೇನೆ.

ಸಿಟ್ಟು ಇನ್ನೂ ಇದೆ. ಭಾವ ಬದುಕಿದ್ದಾರಲ್ಲ ಎಂಬುದೂ ಇದೆ. ಎರಡೂ ಒಟ್ಟಿಗೆ ಇವೆ.

ಆ ಸೈನ್ಯ ಮೇಜರ್ ಸಾಹೇಬರ ಜೊತೆ ಬೇರೆ ಊರಿಗೆ ಹೋಯಿತು. ನನ್ನನ್ನು ಹೇಸರಗತ್ತೆಗಳ ಆಸ್ಪತ್ರೆಗೆ ಹಾಕಿದ್ದಾರೆ. ಗಾಯ ತೊಳೆಯುವುದು, ಹೊಲಿಯುವುದು, ಕೀವು ತೆಗೆಯುವುದು ಕಲಿತೆ. ಕತ್ತೆಯ ಒದೆತ ತಿಂದ ಮೇಲೆ ಹವಾಲ್ದಾರನ ಕೋಲು ನೆನೆದರೆ ಹಿತವಾಗುತ್ತದೆ. ಮೊಳಕಾಲ್ಮೂರಿನಲ್ಲಿ ದನದ ಆಸ್ಪತ್ರೆ ತೆರೆದಿದ್ದಾರಂತೆ. ಈ ಆಸ್ಪತ್ರೆಯ ಸಾಹೇಬರು ಅಲ್ಲಿಗೆ ಕಾಗದ ಬರೆದುಕೊಟ್ಟಿದ್ದಾರೆ. ಹಟ್ಟಿಗೆ ಬರುವಂತಿಲ್ಲವಾದ್ದರಿಂದ ಅಲ್ಲಿಗೆ ಹೋಗುತ್ತೇನೆ.

ಯುದ್ಧ ಮುಗಿಯಿತು. ನಮಗೆ ಮೂರು ದಿನ ತಡವಾಗಿ ಹೇಳಿದರು. ಆ ಮೂರು ದಿನ ಸುಮ್ಮನೆ ಯುದ್ಧದಲ್ಲಿದ್ದೆವು.

ಚಿನ್ನಯ್ಯ


ಮೊಳಕಾಲ್ಮೂರು
೧೯೧೯ ಮೇ ೧೯

ಅಕ್ಕಾ,

ನಾನು ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಕೆಲಸ ಸಿಕ್ಕಿದೆ. ಇಲ್ಲಿ ಅರ್ಧ ಜನ ತೆಲುಗು ಆಡುತ್ತಾರೆ. ಎತ್ತನ್ನು 'ನಿಲ್ಲು' ಎಂದರೆ ನಿಲ್ಲುವುದಿಲ್ಲ, 'ನಿಲಬಡು' ಎಂದರೆ ನಿಲ್ಲುತ್ತದೆ. ಆಸ್ಪತ್ರೆಯ ಡಾಕ್ಟರು ಮೂಡಲಗಿರಿಯಪ್ಪನವರು ಒಳ್ಳೆಯವರು. ನಮ್ಮ ಊರಿನ ಸಂಗತಿ ಅವರಿಗೆ ಏನೂ ಗೊತ್ತಿಲ್ಲ.

ಹೋದ ಸೋಮವಾರ ಏನಾಯಿತೆಂದು ಹೇಳುತ್ತೇನೆ. ಬೇಸಿಗೆಯ ಮೇವಿಗೆ ದೇವರೆತ್ತುಗಳ ಮಂದೆ ಈ ಕಡೆಯ ಗುಡ್ಡಗಳಿಗೆ ಬಂದಿದೆಯಂತೆ. ನನಗೆ ತಿಳಿದಿರಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಗೇಟಿನಲ್ಲಿ ಒಂದು ದೊಡ್ಡ ಬಿಳಿಯ ಎತ್ತು ಮುಂಗಾಲು ಎತ್ತಿಕೊಂಡು ಕುಂಟುತ್ತಾ ಬಂತು. ಹಗ್ಗದ ಇನ್ನೊಂದು ತುದಿಯಲ್ಲಿ ದೊಡ್ಡಪಾಲಯ್ಯ ಮಾವ.

ನನ್ನನ್ನು ನೋಡಿದರು. ಹಗ್ಗವನ್ನು ಬೇವಿನ ಮರಕ್ಕೆ ಕಟ್ಟಿ, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ನಾನು ಕೈಮುಗಿದೆ. ಅವರು ಆಕಾಶ ನೋಡಿದರು. ಡಾಕ್ಟರು ಬಂದು "ಏನಾಗಿದೆ ಯಜಮಾನ್ರೇ? ಎಷ್ಟು ದಿನ ಆಯ್ತು? ಇವನ ಹತ್ತಿರ ಹೇಳಿ, ಇವನೇ ನೋಡ್ತಾನೆ" ಎಂದು ನನ್ನನ್ನು ತೋರಿಸಿದರು. ಮಾವ ಎತ್ತಿನ ಕಡೆ ತಿರುಗಿದರು.

"ಬಸವಾ, ಗೊರಸಿನ ಸಂದಿಗೆ ಕಾರೆಮುಳ್ಳು ಮುರಿದು ಆರು ದಿನ ಆತು ಅಂತ ಹೇಳಪ್ಪ."

ಡಾಕ್ಟರು ನನ್ನ ಕಿವಿಯಲ್ಲಿ "ಮುದುಕನಿಗೆ ತಲೆ ಸರಿ ಇದೆಯೇನಯ್ಯ?" ಎಂದು ಕೇಳಿದರು. ಸರಿ ಇದೆ ಎಂದೆ.

ನಾನು ಮೊಣಕಾಲೂರಿ ಕೂತೆ. ದೇವರೆತ್ತನ್ನು ಮುಟ್ಟಬಹುದೋ ಬಾರದೋ ನನಗೆ ತಿಳಿಯಲಿಲ್ಲ. ಕೈ ಚಾಚಿ ಹಾಗೆಯೇ ಹಿಡಿದಿದ್ದೆ. ಮಾವ ಎತ್ತಿಗೆ, "ಕಾಲು ಕೊಡಪ್ಪ. ಕೊಡು. ನಾನು ಬ್ಯಾಡ ಅಂದ್ನಾ?" ಎಂದರು. ಎತ್ತು ಕಾಲು ಕೊಟ್ಟಿತು.

ಕೀವು ತುಂಬಿತ್ತು. ಬಿಸಿನೀರಿನಲ್ಲಿ ತೊಳೆದು, ಗಾಯ ಸೀಳಿ, ಮುಳ್ಳು ತೆಗೆದೆ. ಒಂದು ಬೆರಳಷ್ಟು ಉದ್ದವಿತ್ತು. ಅಷ್ಟು ಹೊತ್ತೂ ಮಾವ ಎತ್ತಿಗೆ ಊರಿನ ಸುದ್ದಿ ಹೇಳುತ್ತಲೇ ಇದ್ದರು. ಕೆಂಚಕ್ಕ ಈಗ ಹಟ್ಟಿಯವರ ಕಾಗದಗಳನ್ನೆಲ್ಲ ಓದಿಕೊಡುತ್ತಾಳೆ ಎಂದರು. ಓಬಯ್ಯ ಕ್ಷೇಮವಾಗಿ ಬಂದ ಎಂದರು. ಮಂದೆಯ ಹಿಂದೆ ಈಗ ಚಿಕ್ಕೀರಪ್ಪ ನಿಲ್ಲುತ್ತಾನೆ, ಹುಡುಗ ಪರವಾಗಿಲ್ಲ, ಆದರೆ ರೋಗ ತಿಳಿಯುವುದಿಲ್ಲ ಎಂದರು. ನಾನು ತಲೆಯೆತ್ತಲಿಲ್ಲ. ಕಣ್ಣಲ್ಲಿ ನೀರಿದ್ದರೆ ಗಾಯ ಕಾಣುವುದಿಲ್ಲ.

ಪಟ್ಟಿ ಕಟ್ಟಿ ಮುಗಿಸಿದೆ. ಎತ್ತು ಕಾಲೂರಿ ನಿಂತಿತು. ಮಾವ ಬಂದು ಹಗ್ಗ ಬಿಚ್ಚಿ, ಅದರ ಕೊರಳಿನ ಗಂಗೆದೊಗಲು ಸವರುತ್ತಾ ಹೇಳಿದರು:

"ಬಸವಾ, ಕಾರಹುಣ್ಣಿಮೆ ಕಳೆದ ಸೋಮವಾರ ಕಟ್ಟೆಮನೆಯಾಗೆ ಹಿರಿಯರು ಸೇರ್ತಾರೆ. ಶುದ್ಧಿ ಮಾಡಾಕೆ ಒಪ್ಪವ್ರೆ. ಕಿಲಾರಿ ಕೋಲು ಸಿಗಾಕಿಲ್ಲ, ಅದು ಹೋತು. ಮಂದೆಗೆ ಔಷಧ ಮಾಡಾಕೆ ಒಬ್ಬ ಬೇಕು. ಇದನ್ನ ಯಾರಾರ ಈ ಮನುಷ್ಯಂಗೆ ಹೇಳಿದ್ರೆ ಚೆನ್ನಾಗಿರ್ತಿತ್ತು."

ನಾನೂ ಎತ್ತಿನ ಮುಖ ನೋಡಿ, "ಬರ್ತಾನಂತೆ ಅಂತ ಹೇಳಪ್ಪ" ಎಂದೆ.

ಡಾಕ್ಟರು ನಮ್ಮಿಬ್ಬರನ್ನೂ ನೋಡಿ ಒಳಗೆ ಹೋದರು.

ಮಾವ ಗೇಟಿನವರೆಗೆ ಹೋಗಿ ನಿಂತರು. ಹಿಂದಿರುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಎತ್ತಿನ ಕಿವಿಯ ಹತ್ತಿರ ಬಾಗಿ, ಬೀದಿಗೆಲ್ಲ ಕೇಳುವ ಹಾಗೆ, "ಬಾಳ ಸೊರಗವ್ನೆ ಕಣಪ್ಪ. ಕೆಂಚಕ್ಕಂಗೆ ಹೇಳ್ಬ್ಯಾಡ" ಎಂದರು.

ಹೇಳಬೇಡ ಎಂದದ್ದು ಎತ್ತಿಗೆ, ನನಗಲ್ಲ. ಅದಕ್ಕೇ ಬರೆದಿದ್ದೇನೆ.

ನಿನ್ನ ತಮ್ಮ,
ಚಿನ್ನಯ್ಯ